ಟ್ರಂಕಿನೊಳಗಿನ ಚಂದಮಾಮ

ನಮ್ಮ ಮನೆಯ ಪಡಸಾಲೆಯಲ್ಲಿ ತಗಡಿನ ಟ್ರಂಕೊಂದಿದೆ. ಹಸಿರು ಬಣ್ಣ ಸುಲಿದು, ಮೂಲೆಗಳಲ್ಲಿ ತುಕ್ಕು ಹಿಡಿದಿದೆ. ಬಂದವರು ಕುರ್ಚಿ ಸಾಲದಿದ್ದಾಗ ಅದರ ಮೇಲೆಯೇ ಕೂರುತ್ತಾರೆ. ಒಳಗೆ ಏನಿದೆ ಎಂದು ಕೇಳುವವರು ಕಡಿಮೆ. ಹೆಂಗಸಿನ ಟ್ರಂಕಿನಲ್ಲಿ ಇನ್ನೇನಿರಲು ಸಾಧ್ಯ? ಮದುವೆಯ ಇಳಕಲ್ಲ ಸೀರೆ, ತವರಿನ ತಾಮ್ರದ ತಂಬಿಗೆ, ಹೆಚ್ಚೆಂದರೆ ಒಂದಿಷ್ಟು ಬೆಳ್ಳಿ ಎಂದು ಅವರು ತಿಳಿದಿರಬೇಕು.

ಒಮ್ಮೆ ಎದುರುಮನೆಯ ಸೊಸೆ ಬಂದಾಗ ಟ್ರಂಕು ತೆರೆದಿತ್ತು. ನಾನು ಕನ್ನಡಕ ಏರಿಸಿಕೊಂಡು ನೆಲದ ಮೇಲೆ ಕೂತು, ಸುತ್ತಲೂ ಹಳೆಯ ಚಂದಮಾಮ, ಅಮರ ಚಿತ್ರಕಥೆ, ‘ಸುಧಾ’ ವಾರಪತ್ರಿಕೆಯಿಂದ ಕತ್ತರಿಸಿ ಹೊಲಿದ ಫ್ಯಾಂಟಮ್ ಪುಟಗಳನ್ನು ಹರವಿಕೊಂಡಿದ್ದೆ. ಆಕೆ ಬಾಗಿಲಲ್ಲೇ ನಿಂತು, “ಅಕ್ಕೋರ, ಈ ವಯಸ್ಸಿನ್ಯಾಗ ಚಿತ್ರದ ಪುಸ್ತಕ ಓದತೀರೇನ್ರೀ?” ಎಂದಳು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವಳು ನಾನು. ಆದರೂ ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವಳಂತೆ ನನ್ನ ಮುಖ ಕೆಂಪಾಯಿತು. “ಹಾಳಿ ನುಸಿ ಹತ್ತ್ಯಾವೇನೋ ನೋಡಾಕತ್ತಿದ್ನೆವಾ” ಎಂದು ಸುಳ್ಳು ಹೇಳಿದೆ.

ಆ ಸುಳ್ಳು ಬಹಳ ದಿನ ನನ್ನನ್ನು ಕಾಡಿತು. ಗಂಡಸೊಬ್ಬ ಹಳೆಯ ನಾಣ್ಯ, ಅಂಚೆಚೀಟಿ ಕೂಡಿಟ್ಟರೆ ಅದು ಹವ್ಯಾಸ. ಅರವತ್ತು ದಾಟಿದ ಹೆಂಗಸು ಚಿತ್ರಕಥೆ ಕೂಡಿಟ್ಟರೆ ಅದು ಹುಚ್ಚು. ಇದು ಹುಚ್ಚಲ್ಲ, ಇದಕ್ಕೂ ಒಂದು ಚರಿತ್ರೆ ಇದೆ ಎಂದು ಆಕೆಗೆ ಅಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನನ್ನ ತವರು ಇದೇ ನಿಡಗುಂದಿಯ ಹತ್ತಿರದ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ‘ಹತ್ತಿರದ್ದು’ ಎಂದರೆ ತಪ್ಪಾದೀತು, ಅದು ಈಗಿಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಾಗ ನನಗೆ ಎರಡು ವರ್ಷ. ಅವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ಜನರ ಗದ್ದಲ ನೋಡಲು ಹೋಗಿದ್ದಳಂತೆ. ಅಂದು ಇಟ್ಟ ಕಲ್ಲು ಮೂವತ್ತು ವರ್ಷದ ಮೇಲೆ ತನ್ನ ಒಲೆಯನ್ನೇ ಮುಳುಗಿಸೀತು ಎಂದು ಆಕೆಗೆ ಹೇಗೆ ತಿಳಿಯಬೇಕು?

ನನ್ನ ಕಾಕಾ ಆ ಅಣೆಕಟ್ಟಿನ ಕೆಲಸದಲ್ಲಿ ಗುಮಾಸ್ತನಾಗಿ ಸೇರಿದ. ಮನೆಯಲ್ಲಿ ತಿಂಗಳ ಪಗಾರ ಕಂಡ ಮೊದಲ ಮನುಷ್ಯ ಅವನು. ಪಗಾರದ ದಿನ ಅಜ್ಜಿಗೆ ಎಲೆ ಅಡಿಕೆ, ಮಕ್ಕಳಿಗೆ ಬೆಂಡು ಬತ್ತಾಸು, ಜೊತೆಗೆ ಒಂದು ಚಂದಮಾಮ ತರುತ್ತಿದ್ದ. ಊರನ್ನು ಮುಳುಗಿಸಿದ ಅಣೆಕಟ್ಟಿನ ಪಗಾರದಿಂದಲೇ ನಮ್ಮ ಮನೆಗೆ ಪುಸ್ತಕ ಬಂತು. ಈ ಲೆಕ್ಕವನ್ನು ನನಗೆ ಇಂದಿಗೂ ತಾಳೆ ಹಾಕಲು ಆಗಿಲ್ಲ.

ಚಂದಮಾಮ ಹುಟ್ಟಿದ್ದು ದೇಶಕ್ಕೆ ಸ್ವಾತಂತ್ರ್ಯ ಬರುವ ಒಂದು ತಿಂಗಳು ಮೊದಲು, 1947ರ ಜುಲೈಯಲ್ಲಿ, ಮದರಾಸಿನಲ್ಲಿ. ಮೊದಲು ಬಂದದ್ದು ತೆಲುಗು, ತಮಿಳಿನಲ್ಲಿ. ಕನ್ನಡ ಚಂದಮಾಮ ಬಂದದ್ದು 1949ರಲ್ಲಿ. ನಡೆಸಿದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ‘ಮಾಯಾಬಜಾರ್’ ಸಿನಿಮಾ ತೆಗೆದ ವಿಜಯಾ ಸಂಸ್ಥೆಯವರೂ ಇವರೇ. ಸಿನಿಮಾದಲ್ಲಿ ಘಟೋತ್ಕಚ ಊಟ ಮಾಡುವುದನ್ನು ತೋರಿಸಿದವರೇ ಪುಸ್ತಕದಲ್ಲೂ ಅದೇ ಬೆರಗನ್ನು ಇಟ್ಟಿದ್ದರು. ಆರಂಭದ ವರ್ಷಗಳಲ್ಲಿ ಅದರ ಮುಖಪುಟಗಳ ಮೇಲೆ ಮಹಾಭಾರತದ ಚಿತ್ರಗಳನ್ನು ಬರೆದವರು ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹಿಂದೆ ಕತ್ತಲ ಮರ — ಆ ವಿಕ್ರಮಾದಿತ್ಯನ ಚಿತ್ರ ಯಾರಿಗೆ ನೆನಪಿಲ್ಲ? ಅದನ್ನು ಬರೆದ ಶಂಕರ್ 2020ರಲ್ಲಿ ತೀರಿಕೊಂಡಾಗ ನನ್ನ ಬಳಗದವರೇ ಯಾರೋ ಹೋದಂತೆ ಅನಿಸಿತು.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ಚಂದಮಾಮದ ಧಾರಾವಾಹಿಗಳಲ್ಲಿ ಬರುತ್ತಿದ್ದ ಮಾಂತ್ರಿಕರು, ಎರಡು ತಲೆಯ ಪ್ರಾಣಿಗಳು, ಬೆಂಕಿಯುಗುಳುವ ದ್ವೀಪಗಳು — ಇವುಗಳಲ್ಲಿ ಬಹುಪಾಲನ್ನು ಬರೆದವರು ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಎಂಬವರು. ಹತ್ತಕ್ಕೂ ಹೆಚ್ಚು ಧಾರಾವಾಹಿ ಬರೆದರೂ ಅವರ ಹೆಸರನ್ನು ಅಚ್ಚು ಹಾಕುತ್ತಿರಲಿಲ್ಲ. ಅವರು ತೀರಿಕೊಂಡದ್ದು 2010ರಲ್ಲಿ. ಹೆಸರಿಲ್ಲದೆ ದುಡಿಯುವುದು ಏನೆಂದು ಅಡುಗೆಮನೆಯಲ್ಲಿ ಬದುಕು ಸವೆಸಿದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಅಣ್ಣತಮ್ಮಂದಿರು ಹತ್ತಿದ್ದರು. ಕಾಕಾ ಚಂದಮಾಮ ತಂದ ರಾತ್ರಿ ಚಿಮಣಿ ಎಣ್ಣೆಯ ದೀಪದ ಮುಂದೆ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಬೇತಾಳ ಪ್ರಶ್ನೆ ಕೇಳುವ ಕಡೆ ನಾನು ಬೇಕೆಂದೇ ನಿಲ್ಲಿಸುತ್ತಿದ್ದೆ. ಅವ್ವನಿಗೆ ತಡೆಯಲಾಗುತ್ತಿರಲಿಲ್ಲ. “ಮುಂದ ಓದ ನಮ್ಮವ್ವಾ, ರೊಟ್ಟಿ ಹೊತ್ತತೈತಿ” ಎನ್ನುತ್ತಿದ್ದಳು. ರೊಟ್ಟಿ ಹೊತ್ತುವುದಕ್ಕೂ ಬೇತಾಳನಿಗೂ ಏನು ಸಂಬಂಧವೆಂದು ನಾನು ನಗುತ್ತಿದ್ದೆ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಅವ್ವ ಬೀಸುಕಲ್ಲಿನ ಪಕ್ಕ ಕೂತು ಚಂದಮಾಮ ತೆರೆದಿದ್ದಳು. ಚಿತ್ರದ ಮೇಲೆ ಒಂದು ಬೆರಳು, ಅಕ್ಷರದ ಮೇಲೆ ಇನ್ನೊಂದು ಬೆರಳು. ಕತೆ ಬಾಯಿಪಾಠವಾಗಿತ್ತಲ್ಲ, ಅದನ್ನೇ ಹೇಳಿಕೊಳ್ಳುತ್ತ ಯಾವ ಅಕ್ಷರ ಯಾವ ಉಲಿ ಎಂದು ಹುಡುಕುತ್ತಿದ್ದಳು. ‘ರಾಜ’ ಎಂಬ ಎರಡಕ್ಷರ ಅವಳಿಗೆ ಮೊದಲು ಸಿಕ್ಕವು. ಚಂದಮಾಮದಲ್ಲಿ ರಾಜರಿಗೆ ಬರವಿರಲಿಲ್ಲ. “ಅಜ್ಜಿಗೆ ಹೇಳಬ್ಯಾಡ” ಎಂದಳು. ಸೊಸೆ ಓದು ಕಲಿತರೆ ಮನೆಯ ಲೆಕ್ಕ ಕೇಳುತ್ತಾಳೆ ಎಂಬ ಅಂಜಿಕೆ ಅಜ್ಜಿಗಿತ್ತು. ಅಜ್ಜಿಯ ಅಂಜಿಕೆ ಸುಳ್ಳಾಗಲಿಲ್ಲ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಚಿತ್ರ ತೋರಿಸಿ ಕತೆ ಹೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಕಿಳ್ಳೇಕ್ಯಾತರು ಊರಿಗೆ ಬಂದು ಬಿಳಿಯ ಪರದೆ ಕಟ್ಟಿ, ಹಿಂದೆ ದೀಪ ಇಟ್ಟು, ತೊಗಲುಗೊಂಬೆ ಕುಣಿಸುತ್ತಿದ್ದರು. ರಾಮ ರಾವಣರ ಯುದ್ಧ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಹಿರಿಯರೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಅದನ್ನು ಯಾರೂ ಮಕ್ಕಳಾಟ ಎನ್ನಲಿಲ್ಲ. ಇನ್ನೂ ಹಿಂದೆ ಹೋದರೆ ಪಟ್ಟದಕಲ್ಲಿದೆ. ಅಲ್ಲಿಯ ಪಾಪನಾಥ ಗುಡಿಯ ಹೊರಗೋಡೆಯ ಮೇಲೆ ಎಂಟನೆಯ ಶತಮಾನದ ಶಿಲ್ಪಿಗಳು ರಾಮಾಯಣವನ್ನು ಒಂದರ ಪಕ್ಕ ಒಂದು ಚೌಕಟ್ಟಿನಲ್ಲಿ ಕಡೆದಿದ್ದಾರೆ. ಇಂಥವರು ಇವರು ಎಂದು ಗುರುತಿಗೆ ಹೆಸರನ್ನೂ ಕೊರೆದಿದ್ದಾರೆ. ಚಿತ್ರ, ಅದರ ಜೊತೆ ಅಕ್ಷರ, ಮುಂದೆ ಇನ್ನೊಂದು ಚಿತ್ರ. ಚಿತ್ರಕಥೆ ಎಂದರೆ ಇದಲ್ಲದೆ ಮತ್ತೇನು? ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನು ಆ ಗೋಡೆಯ ಮುಂದೆ ನಿಂತು, “ನೋಡ್ರಿ, ಇದು ಕಲ್ಲಿನ ಚಂದಮಾಮ” ಎನ್ನುತ್ತಿದ್ದೆ.

ಚಂದಮಾಮದ ನಂತರ ನನ್ನನ್ನು ಹಿಡಿದವನು ಫ್ಯಾಂಟಮ್. 1965ರಲ್ಲಿ ಶುರುವಾದ ‘ಸುಧಾ’ದಲ್ಲಿ ಅವನ ಕತೆ ವಾರವಾರ ಬರುತ್ತಿತ್ತು. ಮುಖವಾಡ ಹಾಕಿ, ತಲೆಬುರುಡೆಯ ಆಕಾರದ ಗುಹೆಯಲ್ಲಿ ಇರುವ ವೀರ. ಅಪ್ಪ ಸತ್ತರೆ ಮಗ ಅದೇ ಉಡುಪು ತೊಡುವುದರಿಂದ ಜನ ಅವನನ್ನು ಸಾವಿಲ್ಲದವನು ಎಂದು ನಂಬುತ್ತಾರೆ. ಇವನನ್ನು 1936ರಲ್ಲಿ ಹುಟ್ಟಿಸಿದವನು ಅಮೆರಿಕೆಯ ಲೀ ಫಾಕ್. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದ್ದೂ ಇವನಿಂದಲೇ. ಮೂಲದಲ್ಲಿ ಫ್ಯಾಂಟಮ್‌ನ ಕಾಡಿಗೆ ನಮ್ಮ ಬಂಗಾಳವನ್ನು ನೆನಪಿಸುವ ಹೆಸರಿತ್ತು. ಇಲ್ಲಿ ಅಚ್ಚು ಹಾಕುವಾಗ ಅದನ್ನು ‘ಡೆಂಕಾಲಿ’ ಎಂದು ಬದಲಿಸಿದರು.

ಹುಡುಗಿಯಾಗಿದ್ದಾಗ ನನಗೆ ಅವನ ಶೌರ್ಯವಷ್ಟೇ ಕಂಡಿತ್ತು. ಶಿಕ್ಷಕಿಯಾದ ಮೇಲೆ ಅದೇ ಪುಟಗಳನ್ನು ತೆರೆದಾಗ ಬೇರೆಯದೂ ಕಂಡಿತು. ಕಾಡಿನ ಜನರೆಲ್ಲ ಕಪ್ಪು, ಅವರನ್ನು ಕಾಯುವವನು ಮಾತ್ರ ಬಿಳಿಯ. ತಮ್ಮ ಜಗಳವನ್ನು ತಾವೇ ಬಗೆಹರಿಸಿಕೊಳ್ಳಲು ಆ ಜನಕ್ಕೆ ಬಾರದೇ? ಇಷ್ಟಾದರೂ ನಾನು ಆ ಪುಟಗಳನ್ನು ಎಸೆಯಲಿಲ್ಲ. ಪ್ರೀತಿಯ ಸೋದರಮಾವನಲ್ಲಿ ಒಂದು ಕೆಟ್ಟ ಗುಣ ಇದೆ ಎಂದು ತಿಳಿದರೆ ಮಾವನನ್ನು ಬಿಡುತ್ತೇವೆಯೇ? ಗುಣ ಗೊತ್ತಿಟ್ಟುಕೊಂಡು ಮಾತಾಡಿಸುತ್ತೇವೆ. ಅವನ ಪ್ರೇಯಸಿ ಡಯಾನಾ ನನಗೆ ಹೆಚ್ಚು ಇಷ್ಟವಾಗಿದ್ದಳು. ವಿಶ್ವಸಂಸ್ಥೆಯಲ್ಲಿ ನೌಕರಿ ಮಾಡುವವಳು, ತನ್ನ ಕೆಲಸಕ್ಕೆ ತಾನೇ ದೇಶದೇಶ ತಿರುಗುವವಳು. ನಾಲ್ಕು ದಶಕ ಕಾಯಿಸಿ ಕೊನೆಗೆ ಫ್ಯಾಂಟಮ್ ಅವಳನ್ನು ಮದುವೆಯಾದದ್ದು 1977ರಲ್ಲಿ. ನಮ್ಮ ಓಣಿಯಲ್ಲಾಗಿದ್ದರೆ ಅಷ್ಟು ದಿನ ಯಾರು ಸುಮ್ಮನಿರುತ್ತಿದ್ದರು!

ಅಮರ ಚಿತ್ರಕಥೆಯ ಹೆಸರು ಹೇಳಿದರೆ ಎಲ್ಲರಿಗೂ ಅನಂತ ಪೈ ನೆನಪಾಗುತ್ತಾರೆ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, ‘ಅಂಕಲ್ ಪೈ’ ಎನಿಸಿಕೊಂಡು 2011ರಲ್ಲಿ ತೀರಿಕೊಂಡವರು. ಆದರೆ ಆ ಮಾಲೆಯ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ ಎಂಬ ಸಂಗತಿ ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಚಿತ್ರಕಥೆಗಳನ್ನು ಕನ್ನಡದಲ್ಲಿ ತರಬೇಕೆಂದು ಹಟ ಹಿಡಿದರು. ಮೊದಲ ಹತ್ತು ಪುಸ್ತಕಗಳು ಸಿಂಡರೆಲಾಳಂಥ ಪಶ್ಚಿಮದ ಕತೆಗಳ ಅನುವಾದ. ಹೀಗಾಗಿಯೇ ಪೈಯವರ ‘ಕೃಷ್ಣ’ ಮೊದಲನೆಯದೆಂದು ಹೆಸರಾದರೂ ಅದರ ಸಂಖ್ಯೆ ಹನ್ನೊಂದು. ಆ ಹತ್ತರ ಸಾಲಿನ ಒಂದೇ ಒಂದು ಪ್ರತಿಗಾಗಿ ನಾನು ಹುಬ್ಬಳ್ಳಿ, ಬೆಂಗಳೂರಿನ ಹಳೆಯ ಪುಸ್ತಕದಂಗಡಿಗಳಲ್ಲಿ ಧೂಳು ಕುಡಿದಿದ್ದೇನೆ. ಇನ್ನೂ ಸಿಕ್ಕಿಲ್ಲ.

ಅಮರ ಚಿತ್ರಕಥೆಯಲ್ಲಿ ನನಗೆ ಅಚ್ಚುಮೆಚ್ಚಿನದು ಚಾಂದಬೀಬಿ. ಅಹ್ಮದನಗರದ ಮಗಳು, ಬಿಜಾಪುರದ ಸೊಸೆ. ಗಂಡ ಒಂದನೆಯ ಅಲಿ ಆದಿಲಶಾಹಿ 1580ರಲ್ಲಿ ಕೊಲೆಯಾದಾಗ ಒಂಬತ್ತು ವರ್ಷದ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡವಳು. 1595–96ರಲ್ಲಿ ಮೊಗಲರ ಸೈನ್ಯ ತವರಿನ ಕೋಟೆಯನ್ನು ಮುತ್ತಿದಾಗ ಮುಂದೆ ನಿಂತು ಕಾಯ್ದವಳು. ನಾನು ಬಿಜಾಪುರದಲ್ಲಿ ಕಾಲೇಜು ಓದುವಾಗ, ಅವಳ ಗಂಡ 1579ರಲ್ಲಿ ಅವಳ ಹೆಸರಿನಲ್ಲಿ ಕಟ್ಟಿಸಿದ ಚಾಂದ ಬಾವಡಿಯ ಮೆಟ್ಟಿಲ ಮೇಲೆ ಕೂತು ಆ ಪುಸ್ತಕ ಓದಿದ್ದೇನೆ. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋದವಳು ಇಲ್ಲಿ ಮೂವತ್ತು ಪುಟ ಕುದುರೆ ಏರಿ ಬಂದಿದ್ದಳು. ದೇವರೆಲ್ಲ ತೆಳ್ಳಗೆ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ ದಪ್ಪಗೆ — ಈ ಮಾಲೆಯ ಚಿತ್ರಗಳ ಈ ದೋಷ ನನಗೆ ಗೊತ್ತಿದೆ. ನಾನೂ ಕಪ್ಪು ಬಣ್ಣದವಳೇ. ಆದರೆ ಒಬ್ಬ ಹುಡುಗಿಗೆ ಕುದುರೆಯ ಮೇಲಿನ ಹೆಂಗಸನ್ನು ತೋರಿಸಿದ ಪುಣ್ಯವನ್ನು ನಾನು ಮರೆಯಲಾರೆ.

ರಾಕೆಟ್ಟು, ಗ್ರಹ, ಯಂತ್ರಮಾನವರ ಕತೆಗಳ ರುಚಿ ಹತ್ತಿದ್ದು ಆಕಾಶದಿಂದಲೇ ಎನ್ನಬೇಕು. 1979ರ ಜುಲೈಯಲ್ಲಿ ಸ್ಕೈಲ್ಯಾಬ್ ಬೀಳುತ್ತದೆ ಎಂಬ ಸುದ್ದಿ ನಿಮ್ಮಲ್ಲಿ ಕೆಲವರಿಗೆ ನೆನಪಿದ್ದೀತು. ಅಮೆರಿಕೆ 1973ರಲ್ಲಿ ಹಾರಿಸಿದ್ದ, ಮನೆಯಷ್ಟು ದೊಡ್ಡ ಬಾಹ್ಯಾಕಾಶ ನಿಲ್ದಾಣ ಅದು. ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿಲ್ಲ. ಅಪ್ಪ ಬಿಜಾಪುರದ ಹಾಸ್ಟೆಲ್ಲಿಗೆ ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋದ. “ಬೀಳೂದ ಆದ್ರ ಎಲ್ಲಾರೂ ಒಂದ ಕಡೆ ಇರೂಣು” ಎಂದ. ಊರಲ್ಲಿ ಕೆಲವರು ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿದ್ದರು. ಕೆಲವರು ಕೋಳಿ ಕೊಯ್ದು ತಿಂದು ಮುಗಿಸಿದ್ದರು. ಅವ್ವ ಮಾತ್ರ ಹೋಳಿಗೆ ಮಾಡಿ, “ಸತ್ತರ ಸಿಹಿ ಉಂಡ ಸಾಯೋಣ, ಬದುಕಿದರ ಹಬ್ಬ ಆತಂತ ತಿಳಕೊಳ್ಳೋಣ” ಎಂದಳು.

ಸ್ಕೈಲ್ಯಾಬ್ ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅಲ್ಲಿಯ ಎಸ್ಪೆರೆನ್ಸ್ ಎಂಬ ಊರಿನ ಆಡಳಿತ ಬೀದಿಯಲ್ಲಿ ಕಸ ಚೆಲ್ಲಿದ್ದಕ್ಕೆ ಅಮೆರಿಕೆಗೆ 400 ಡಾಲರ್ ದಂಡ ಹಾಕಿತಂತೆ. ಅದೇ ಊರಿನ ಹದಿನೇಳು ವರ್ಷದ ಹುಡುಗನೊಬ್ಬ ಮನೆಯ ಬಳಿ ಬಿದ್ದ ಚೂರುಗಳನ್ನು ಆರಿಸಿಕೊಂಡು ವಿಮಾನ ಹತ್ತಿ ಅಮೆರಿಕೆಗೆ ಹೋಗಿ ಪತ್ರಿಕೆಯೊಂದರ 10,000 ಡಾಲರ್ ಬಹುಮಾನ ಗೆದ್ದ. ನನ್ನದೂ ಅದೇ ವಯಸ್ಸು. ಬಿದ್ದ ಚೂರಿಗೂ ಬೆಲೆ ಇರುತ್ತದೆ, ಆರಿಸಿ ಇಟ್ಟುಕೊಳ್ಳುವವರು ಬೇಕು ಎಂದು ಅಂದೇ ನನಗೆ ಅನಿಸಿತೋ ಏನೋ.

ಆಮೇಲೆ ಅಂಥ ಕತೆಗಳನ್ನು ಹುಡುಕಿ ಓದತೊಡಗಿದೆ. ನಮ್ಮ ಉತ್ತರ ಕರ್ನಾಟಕದವರೇ ಆದ ರಾಜಶೇಖರ ಭೂಸನೂರಮಠರ ‘ಆಪರೇಶನ್ ಯು.ಜಿ.’, ‘ಮನ್ವಂತರ’ ಸಿಕ್ಕಿದಾಗ ಬೇರೆ ಲೋಕಗಳ ಮಾತನ್ನು ಕನ್ನಡದಲ್ಲೂ ಆಡಬಹುದು ಎಂದು ಧೈರ್ಯ ಬಂತು. ಈ ಬಗೆಯ ಕತೆ ಗಂಡಸರದು ಎನ್ನುವವರಿದ್ದಾರೆ. ಅವರಿಗೆ ನಾನು ಎರಡು ಹೆಸರು ಹೇಳುತ್ತೇನೆ. ಸತ್ತ ಅಂಗಗಳನ್ನು ಜೋಡಿಸಿ ಜೀವ ಕೊಡುವ ವಿಜ್ಞಾನಿಯ ಕತೆ ‘ಫ್ರಾಂಕೆನ್‌ಸ್ಟೈನ್’ ಅಚ್ಚಾದದ್ದು 1818ರಲ್ಲಿ. ಅದನ್ನು ಬರೆಯಲು ಕೂತಾಗ ಮೇರಿ ಶೆಲ್ಲಿಗೆ ಹದಿನೆಂಟು ವರ್ಷ.

ಎರಡನೆಯವಳು ನಮ್ಮವಳೇ, ಬಂಗಾಳದ ಬೇಗಂ ರೊಕೆಯಾ. ಅವಳ ಇಂಗ್ಲಿಷ್ ಕತೆ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಬಂತು. ಅದೊಂದು ಹೆಂಗಸರ ರಾಜ್ಯ. ಗಂಡಸರು ಮನೆಯೊಳಗೆ ಪರದೆಯಲ್ಲಿರುತ್ತಾರೆ. ಹೆಂಗಸರು ವಿಶ್ವವಿದ್ಯಾಲಯ ಕಟ್ಟಿ, ಮೋಡದಿಂದ ನೀರು ಸೆಳೆದು, ಸೂರ್ಯನ ಶಾಖ ಹಿಡಿದಿಟ್ಟು ಅದರಿಂದ ಅಡುಗೆ ಮಾಡುತ್ತಾರೆ. ಹೊಗೆ ಇಲ್ಲ, ಇದ್ದಿಲಿಲ್ಲ. ಇದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಆಕಿಗೆ ಓದಾಕ ಯಾರ ಕಲಿಸಿದ್ರು?” ರೊಕೆಯಾಳ ಅಣ್ಣ ಮನೆಯವರೆಲ್ಲ ಮಲಗಿದ ಮೇಲೆ ರಾತ್ರಿ ದೀಪ ಹಚ್ಚಿ ಕದ್ದು ಕಲಿಸಿದ ಎಂದೆ. ಅವ್ವ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ತೊಂಬತ್ತರ ದಶಕದಲ್ಲಿ ಊರು ಬಿಡುವ ಕಾಲ ಬಂತು. ಅಧಿಕಾರಿಗಳು ಬಂದು ಗೋಡೆಯ ಉದ್ದಗಲ ಅಳೆದರು, ತೊಲೆ ಎಣಿಸಿದರು, ಬಾವಿ, ಬೇವಿನ ಮರ, ಹುಣಸೆ ಮರ ಪಟ್ಟಿಗೆ ಸೇರಿದವು. ಆ ಹೊತ್ತಿಗೆ ನಾನು ನಿಡಗುಂದಿಯ ಸೊಸೆಯಾಗಿ, ಇಲ್ಲೇ ನೌಕರಿ ಮಾಡುತ್ತಿದ್ದೆ. ತವರಿನ ಮನೆ ಕೆಡವುವಾಗ ಹೋದೆ. ಬಾಗಿಲು, ಕಿಟಕಿ, ತೊಲೆ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ನನ್ನ ಚಿತ್ರಕಥೆಗಳನ್ನು ಮಾಳಿಗೆಯ ಕೋಣೆಯಲ್ಲಿ ಎರಡು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೆ. ಚೀಲ ಕಾಣಲಿಲ್ಲ. ಕೇಳಿದರೆ ಅಣ್ಣ, “ರದ್ದಿಯಂವ ಬಂದಿದ್ದ, ಕೊಟ್ಟಬಿಟ್ಟೆ. ಹೊಸಾ ಮನಿಯಾಗ ಜಾಗಾ ಎಲ್ಲೈತಿ?” ಎಂದ. ಅವನದು ತಪ್ಪೆನ್ನಲಾರೆ. ಮೂರು ತಲೆಮಾರಿನ ಮನೆಯನ್ನು ಒಂದು ಟ್ರ್ಯಾಕ್ಟರಿನಲ್ಲಿ ಹೇರುತ್ತಿದ್ದವನಿಗೆ ಇಂದ್ರಜಾಲದ ನೆನಪು ಎಲ್ಲಿಂದ ಬರಬೇಕು? ಆದರೂ ನಾನು ಹೊಳೆಯ ಕಡೆ ಮುಖ ಮಾಡಿ ಅತ್ತೆ. ಊರು ಹೋಗುತ್ತದೆಂದು ಅಳುತ್ತಿದ್ದಾಳೆ ಎಂದು ಜನ ತಿಳಿದರು. ಅವರಿಗೆ ನಿಜ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಅವ್ವ ತನ್ನ ಹಸಿರು ಟ್ರಂಕನ್ನು ಯಾರಿಗೂ ಮುಟ್ಟಗೊಡಲಿಲ್ಲ. ಪುನರ್ವಸತಿ ಕೇಂದ್ರದ ಮನೆಯಲ್ಲೂ ಅದು ಅವಳ ಮಂಚದ ಕೆಳಗೇ ಇತ್ತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಲಮಟ್ಟಿ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ರಾಕೆಟ್ ಮಾಡಿದವರು ಬಂದಿದ್ದಾರೆಂದು ನಾನು ಸಂಭ್ರಮಪಟ್ಟೆ. ಅವ್ವ, “ಅಡಿಗಲ್ಲು ನೋಡೇನಿ, ಸಾಕು” ಎಂದು ಹೊರಡಲೇ ಇಲ್ಲ. ಐದು ವರ್ಷದ ಮೇಲೆ ತೀರಿಕೊಂಡಳು. ದಿನಕರ್ಮಗಳು ಮುಗಿದ ಮೇಲೆ ಟ್ರಂಕು ತೆರೆದೆವು. ಮೇಲೆ ಎರಡು ಇಳಕಲ್ಲ ಸೀರೆ. ಸೀರೆಗಳ ಕೆಳಗೆ, ಬೇವಿನ ಎಲೆ ಹಾಕಿ ಜೋಡಿಸಿದ ನಲವತ್ತಕ್ಕೂ ಹೆಚ್ಚು ಚಂದಮಾಮಗಳು.

ತೆರೆದು ನೋಡಿದರೆ ಅಂಚಿನ ಖಾಲಿ ಜಾಗದಲ್ಲೆಲ್ಲ ಪೆನ್ಸಿಲ್ಲಿನ ಬರವಣಿಗೆ. ಮೊದಮೊದಲಿನ ಸಂಚಿಕೆಗಳಲ್ಲಿ ವಂಕಿವಂಕಿಯಾದ ‘ರ’, ‘ಜ’. ನಂತರ ಅವಳ ಹೆಸರು, ಒಂದೇ ಪುಟದಲ್ಲಿ ಹದಿನಾರು ಸಲ. ಆಮೇಲೆ ಲೆಕ್ಕ: ಎಮ್ಮಿ ಹಾಲು 2 ಸೇರು, ಜೋಳ 4 ಪಾಯಲಿ, ದನ ಕಾಯುವ ಹುಡುಗನಿಗೆ 5 ರೂಪಾಯಿ, ಯಾರಿಗೋ ಕೊಟ್ಟ ಕೈಗಡ. ಹೈನು ಮಾರಿ ಕೂಡಿಸಿದ ದುಡ್ಡಿನಲ್ಲೇ ಅವಳು ನನ್ನ ಹಾಸ್ಟೆಲ್ಲಿನ ಖರ್ಚು ಕಟ್ಟಿದ್ದಳು ಎಂದು ಆ ಅಂಚುಗಳಿಂದ ನನಗೆ ತಿಳಿಯಿತು. ನಾನು ಅದನ್ನು ಅಪ್ಪನ ದುಡ್ಡು ಎಂದೇ ತಿಳಿದಿದ್ದೆ. ಅಜ್ಜಿ ಅಂಜಿದ್ದು ಸರಿಯಾಗಿತ್ತು: ಸೊಸೆ ಓದು ಕಲಿತಳು, ಲೆಕ್ಕ ಇಟ್ಟಳು.

ಈ ನಡುವೆ ಹಳೆಯ ಪುಸ್ತಕ ಕೊಳ್ಳುವ ಒಬ್ಬ ವ್ಯಾಪಾರಿಗೆ ಫೋನಿನಲ್ಲಿ ಇವುಗಳ ಮಾತು ಹೇಳಿದೆ. ಮಾರುವ ಮನಸ್ಸಿರಲಿಲ್ಲ, ಬೆಲೆ ತಿಳಿಯುವ ಚಪಲ. ಚಂದಮಾಮ 2013ರ ಹೊತ್ತಿಗೆ ನಿಂತುಹೋದ ಮೇಲೆ ಹಳೆಯ ಸಂಚಿಕೆಗಳಿಗೆ ಬೇಡಿಕೆ ಇದೆ ಎಂದರು ಅವರು. ಪ್ರತಿಗಳು ಹೇಗಿವೆ ಎಂದು ಕೇಳಿದರು. ಅಂಚಿನಲ್ಲಿ ಬರೆದಿದೆ ಎಂದೆ. “ಗೀಚಿದ ಪ್ರತಿಗೆ ಬೆಲೆ ಬರೂದಿಲ್ರೀ ಮೇಡಂ” ಎಂದರು. ವ್ಯಾಪಾರದ ಮಾತು ಅದು, ಸರಿಯೇ ಇದೆ. ಯಾರೂ ಮುಟ್ಟದ, ಯಾರೂ ಓದದ ಪ್ರತಿಗೆ ಪೇಟೆಯಲ್ಲಿ ಹೆಚ್ಚು ಬೆಲೆ. ನನ್ನ ಟ್ರಂಕಿನದು ಬೇರೆ ಲೆಕ್ಕ.

ಈಗ ನನ್ನ ಮೊಮ್ಮಗಳ ಸರದಿ. ಬೆಂಗಳೂರಿನಿಂದ ರಜೆಗೆ ಬರುವಾಗ ಅವಳ ಚೀಲದಲ್ಲಿ ನರುಟೊ ಎಂಬ ಜಪಾನಿ ಹುಡುಗನ ಗೇಣುದ್ದದ ಗೊಂಬೆ ಇರುತ್ತದೆ. ಡಬ್ಬಿಯಿಂದ ತೆಗೆದರೆ ಬೆಲೆ ಹೋಗುತ್ತದೆಂದು ಅದನ್ನು ಡಬ್ಬಿಯಲ್ಲೇ ಇಟ್ಟು ನೋಡುತ್ತಾಳೆ. ಸೊಸೆಗೆ ಇದೆಲ್ಲ ದಂಡ. ನಾನು ಮಾತ್ರ ಮೊಮ್ಮಗಳ ಪಕ್ಷ. ಜಪಾನಿನ ಚಿತ್ರ ನಮಗೆ ಹೊಸದೇ? 1993ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬಂದಾಗ ಇಡೀ ಓಣಿ ನಮ್ಮ ಪಡಸಾಲೆಯಲ್ಲಿತ್ತು. ನಮ್ಮ ಕಾಡಿನ ಆ ಮೌಗ್ಲಿಯನ್ನು ಬರೆದವರು ಜಪಾನಿನವರು ಎಂದು ನಮಗಾಗ ಗೊತ್ತೇ ಇರಲಿಲ್ಲ. ಜಪಾನಿನ ಯುಗೊ ಸಾಕೊ ಎಂಬವರು 1983ರಲ್ಲಿ ನಮ್ಮ ದೇಶದ ಉತ್ಖನನದ ಸಾಕ್ಷ್ಯಚಿತ್ರ ತೆಗೆಯಲು ಬಂದು ರಾಮಾಯಣಕ್ಕೆ ಮನಸೋತರು. ನಮ್ಮ ರಾಮಮೋಹನರ ಜೊತೆಗೂಡಿ 1992ರಲ್ಲಿ ರಾಮಾಯಣದ ಚಿತ್ರ ಮುಗಿಸಿದರು. 2025ರ ಜನವರಿಯಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೆ ಬಂತು — ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ.

ಕನ್ನಡದಲ್ಲಿ ಬರಲಿಲ್ಲ ಎಂಬುದೇ ನನ್ನ ದುಃಖ. ಅಚ್ಚಿನ ಚಂದಮಾಮ 1949ರಲ್ಲೇ ತೆಲುಗಿನಿಂದ ಕನ್ನಡಕ್ಕೆ ಬಂತು, ಅದು ತಪ್ಪೆಂದು ಯಾರೂ ಅನ್ನಲಿಲ್ಲ. ಆದರೆ ಪರದೆಯ ಚಿತ್ರಗಳಿಗೆ ಕನ್ನಡದ ದನಿ ಕೂಡಿಸಬಾರದು ಎಂಬ ಕಟ್ಟು ನಮ್ಮಲ್ಲಿ ದಶಕಗಳ ಕಾಲ ನಡೆಯಿತು. ಕಲಾವಿದರ ಹೊಟ್ಟೆಪಾಡಿನ ಕಾಳಜಿ ಅದರ ಹಿಂದಿತ್ತು, ಅದನ್ನು ಅಲ್ಲಗಳೆಯಲಾರೆ. ಮಕ್ಕಳಿಗೆಂದೇ ಕನ್ನಡದ ಚಿಂಟು ಟಿ.ವಿ. ಬಂದದ್ದು 2009ರಲ್ಲಿ. ಅಷ್ಟರೊಳಗೆ ನಮ್ಮ ಶಾಲೆಯ ಮಕ್ಕಳು ಡೋರೆಮಾನ್ ನೋಡಿ ಹಿಂದಿಯಲ್ಲಿ ಜಗಳವಾಡಲು ಕಲಿತಿದ್ದರು. ಹಿಂದಿ ಕಲಿತದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅಂದು ಆ ಬೇತಾಳ ಬೇರೆ ಭಾಷೆಯಲ್ಲಿ ಪ್ರಶ್ನೆ ಕೇಳಿದ್ದರೆ ಅವ್ವನಿಗೆ ‘ರಾಜ’ ಎಂಬ ಎರಡಕ್ಷರ ಸಿಗುತ್ತಿದ್ದವೇ?

ಕಳೆದ ರಜೆಯಲ್ಲಿ ಮೊಮ್ಮಗಳಿಗೆ ಟ್ರಂಕು ತೆರೆದು ತೋರಿಸಿದೆ. ಕನ್ನಡವನ್ನು ತಡವರಿಸಿ ಓದುವ ಹುಡುಗಿ. ಕತೆಯನ್ನು ಬಿಟ್ಟು ಅಂಚಿನ ಪೆನ್ಸಿಲ್ ಬರಹದ ಮೇಲೆ ಬೆರಳಿಟ್ಟು, “ಎಮ್ಮಿ... ಹಾಲು... ಎರಡು ಸೇರು. ಅಜ್ಜಿ, ಸೇರು ಅಂದ್ರೆ ಎಷ್ಟು? ಇದು ಯಾರು ಬರೆದಿದ್ದು?” ಎಂದಳು.

“ನಮ್ಮವ್ವ” ಎಂದು ಹೇಳಿ, ಸೇರು ಎಷ್ಟೆಂದು ತೋರಿಸಲು ಅಡುಗೆಮನೆಯಿಂದ ಹಳೆಯ ಅಳತೆಯ ಪಾತ್ರೆ ತರಲು ಎದ್ದೆ. ಎದುರುಮನೆಯ ಸೊಸೆ ಅಷ್ಟರಲ್ಲಿ ಸಾಸಿವೆ ಕೇಳಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಈ ಸಲ ನಾನು ನುಸಿಯ ಮಾತು ಹೇಳಲಿಲ್ಲ. “ಬಾ ಕೂಡವಾ, ಚಿತ್ರದ ಪುಸ್ತಕ ಓದಾಕತ್ತೇವಿ” ಎಂದೆ. ಟ್ರಂಕು ತೆರೆದಿದ್ದರಿಂದ ಅದರ ಮೇಲೆ ಕೂರಲು ಆಗಲಿಲ್ಲ. ಆಕೆಯೂ ನಮ್ಮೊಡನೆ ನೆಲದ ಮೇಲೆ ಕೂತು, ಕೈಗೆ ಸಿಕ್ಕ ಒಂದನ್ನು ತೆರೆದಳು. ಅದು ಚಾಂದಬೀಬಿ.